ಉಳಿದರ್ಧ ಮಾತು

"ನಿಮ್ಮ ಮಾತನ್ನ ಮೊದಲು ನಾನು ಹೇಳ್ತೀನಿ. ಸರಿ ಇದೆಯಾ ನೋಡಿ."

ಉದ್ದನೆಯ ಮೇಜಿನ ಆಚೆ ತುದಿಯಿಂದ ಬಂದ ಆ ದನಿಗೆ ಮೆಣಸು ಬೆಚ್ಚಿ ತಲೆ ಎತ್ತಿದಳು.

ತತ್ವಶಾಸ್ತ್ರ ವಿಭಾಗದ ಸೆಮಿನಾರ್ ಕೋಣೆ ಅದು. ಸುತ್ತ ಕುಳಿತವರೆಲ್ಲ ಅವಳಿಗಿಂತ ಹಿರಿಯರು, ಅವಳಿಗಿಂತ ಹೆಚ್ಚು ಓದಿದವರು, ಅವಳಿಗಿಂತ ಗಂಭೀರವಾಗಿ ಕೆಮ್ಮುವವರು. ಸಂಶೋಧನೆಗೆ ಸೇರಿದ ಮೇಲಿನ ಮೊದಲ ಪ್ರಬಂಧವನ್ನು ಅವಳು ಈಗಷ್ಟೇ ಓದಿ ಮುಗಿಸಿದ್ದಳು.

ಮಾತಾಡಿದವನು ಕತ್ತರಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಸಂಶೋಧನೆಯ ಕೊನೆಯ ಹಂತದಲ್ಲಿದ್ದವನು. ಯಾರ ಪ್ರಬಂಧವೇ ಬರಲಿ, ಅಚ್ಚುಕಟ್ಟಾಗಿ ಕತ್ತರಿಸಿ ಇಡುವುದರಲ್ಲಿ ಎತ್ತಿದ ಕೈ. ಇವತ್ತು ಅವಳಿಗೆ ಆಕ್ಷೇಪ ಎತ್ತುವ ಸರದಿ ಅವನದು.

ಆದರೆ ಈ ವಿಭಾಗದಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಆಕ್ಷೇಪ ಎತ್ತುವವರು ಮೊದಲು ಎದುರಿನವರ ವಾದವನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಎದುರಿನವರು "ಹೌದು, ಇದೇ ನನ್ನ ಮಾತು" ಅನ್ನಬೇಕು. ಅಲ್ಲಿಯವರೆಗೆ ಆಕ್ಷೇಪದ ಒಂದಕ್ಷರವನ್ನೂ ಎತ್ತುವಂತಿಲ್ಲ. ಉತ್ತರ ಕೊಡುವವರಿಗೂ ಇದೇ ಕಟ್ಟಳೆ.

"ಕೊಲ್ಲೋದು ಬೇರೆ, ಸಾಯೋಕೆ ಬಿಡೋದು ಬೇರೆ ಅಂತೀರಿ ನೀವು," ಕತ್ತರಿ ನಿಧಾನವಾಗಿ ಹೇಳಿದ. "ಕೊಲ್ಲೋನು ಸಾವನ್ನ ತರ್ತಾನೆ. ಸಾಯೋಕೆ ಬಿಡೋನು ತರಲ್ಲ, ಬರ್ತಿರೋದಕ್ಕೆ ದಾರಿ ಬಿಡ್ತಾನೆ ಅಷ್ಟೇ. ಬಾಗಿಲಿಗೆ ಅಡ್ಡ ನಿಂತವನು ಸುಸ್ತಾಗಿ ಪಕ್ಕಕ್ಕೆ ಸರಿದ ಹಾಗೆ. ಸಾವು ಒಳಗೆ ಬಂದಿದ್ದಕ್ಕೆ ಅವನನ್ನ ದೂರೋಕಾಗಲ್ಲ... ಸರೀನಾ?"

ಮೆಣಸು ಅವನನ್ನೇ ನೋಡಿದಳು.

ಸುಸ್ತಾಗಿ... ಆ ಒಂದು ಪದ ಅವಳ ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ. ಮನಸ್ಸಿನಲ್ಲಿ ಮಾತ್ರ ಇತ್ತು. ಇವನಿಗೆ ಹೇಗೆ ಗೊತ್ತಾಯಿತು?

"ಹೌದು," ಎಂದಳು ಮೆಲ್ಲಗೆ. "ಇದೇ ನನ್ನ ಮಾತು."

ಅಣ್ಣ ಹೋದ ಮೇಲೆ ಯಾರೂ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಆ ಒಂದು ಕ್ಷಣ, ಅವನ ದಣಿದ ಕಣ್ಣುಗಳನ್ನು ನೋಡುತ್ತಾ, ಅವಳಿಗೆ ಈ ಊರಿಗೆ ಬಂದ ಮೇಲೆ ಮೊದಲ ಸಲ ಹಾಯೆನಿಸಿತು. ಪಾಪ... ಮುಂದೇನು ಬರುತ್ತಿದೆ ಎಂದು ಅವಳಿಗೇನು ಗೊತ್ತು!

"ಈಗ ಆಕ್ಷೇಪ," ಎಂದ ಅವನು. "ಒಂದು ಆಸ್ಪತ್ರೆ ಕೋಣೆ. ಹಾಸಿಗೆ ಮೇಲೆ ಒಬ್ರು. ಯಂತ್ರ ಉಸಿರಾಡಿಸ್ತಿದೆ. ಪಕ್ಕದಲ್ಲಿ ಮನೆಯವರು ಒಬ್ರೇ ನಿಂತಿದ್ದಾರೆ. ಡಾಕ್ಟರ್ ಬಂದು ಕೇಳ್ತಾರೆ, ಮುಂದುವರಿಸೋಣವಾ, ಸಾಕಾ ಅಂತ. ಎಲ್ಲಾ ಆ ಒಬ್ರ ಬಾಯಲ್ಲಿದೆ..."

ಮೆಣಸು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ಬಿಟ್ಟಳು.

"ಸಾಕು ಅಂದ್ರೆ ಅದು ಅವರು ಮಾಡಿದ ಕೆಲಸ. ಏನೂ ಹೇಳದೆ ಸುಮ್ಮನಿದ್ರೂ ಅದೂ ಅವರು ಮಾಡಿದ ಕೆಲಸಾನೇ. ಕಾಯಿಲೆ ಮಾಡ್ತು, ವಿಧಿ ಮಾಡ್ತು ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. ಆ ಕೋಣೇಲಿ ನಿಂತವರು ಯಾರೂ ನಿರಪರಾಧಿಗಳಲ್ಲ."

ಅವನ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಒಂದೇ. ಸಾಕು ಅಂದವಳು ಅಪರಾಧಿ!

ವಿಭಾಗದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವ ಬಿಳಿಗೂದಲ ಹೆಂಗಸು, ಅವಳತ್ತ ತಿರುಗಿದರು. "ಉತ್ತರ?"

ಉತ್ತರ ಕೊಡಬೇಕಿದ್ದರೆ ಮೊದಲು ಅವನ ಆಕ್ಷೇಪವನ್ನು ಅವಳು ತನ್ನ ಬಾಯಿಂದ ಹೇಳಬೇಕಿತ್ತು. ಕಾಗದಗಳನ್ನು ಬಾಚಿಕೊಂಡು ಅವಳು ಎದ್ದು ಹೊರಟೇಹೋದಳು. ಬಾಗಿಲು ಅವಳ ಹಿಂದೆ ದಡಾರನೆ ಮುಚ್ಚಿಕೊಂಡಿತು.

* * *

ಅವಳಿಗೆ ಮೆಣಸು ಎಂದು ಹೆಸರಿಟ್ಟವನು ಅಣ್ಣ. ಚಿಕ್ಕವಳಿದ್ದಾಗಿನಿಂದ ಎಲ್ಲದಕ್ಕೂ ಎದುರುವಾದ! ತತ್ವಶಾಸ್ತ್ರದ ಸಂಶೋಧನೆಗೆ ಅರ್ಜಿ ಹಾಕಿಸಿದವನೂ ಅವನೇ. "ವಾದ ಮಾಡೋದಕ್ಕೆ ಸಂಬಳ ಕೊಡೋ ಜಾಗ ಪ್ರಪಂಚದಲ್ಲಿ ಒಂದೇ ಇದೆ ಕಣೇ ಮೆಣಸು. ಅಲ್ಲಿಗೆ ಹೋಗು. ನಮ್ಮ ಕಿವಿಗಳಿಗೂ ಸ್ವಲ್ಪ ರಜೆ ಸಿಗುತ್ತೆ."

ಪ್ರವೇಶ ಸಿಕ್ಕ ಸುದ್ದಿ ಬಂದಾಗ ಅಣ್ಣ ಆಸ್ಪತ್ರೆಯಲ್ಲಿದ್ದ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವನ ಕಿವಿಯ ಹತ್ತಿರ ಬಾಗಿ ಅವಳು ಸುದ್ದಿ ಹೇಳಿದಳು. ಕೇಳಿಸಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಕೆಲವು ದಿನಗಳ ನಂತರ ಡಾಕ್ಟರ್ ಆ ಪ್ರಶ್ನೆ ಕೇಳಿದರು. ಅಪ್ಪ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅಮ್ಮ ಗೋಡೆ ಹಿಡಿದು ನಿಂತಿದ್ದವಳು, "ನೀನೇ ಹೇಳ್ಬಿಡು ಮಗಳೇ," ಎಂದು ಹೊರಗೆ ನಡೆದುಬಿಟ್ಟಳು.

ಅವಳು ಹೇಳಿದಳು. ಸಾಕು ಎಂದಳು.

ಅವತ್ತಿನಿಂದ ಅಮ್ಮ ಅವಳನ್ನು ಮೆಣಸು ಎಂದು ಕರೆದಿಲ್ಲ. ಬೈಯಲಿಲ್ಲ, ದೂರಲಿಲ್ಲ, ಚೆನ್ನಾಗಿಯೇ ಮಾತಾಡುತ್ತಾಳೆ. ಆದರೆ ಮುಖ ಕೊಟ್ಟು ಮಾತಾಡುವುದಿಲ್ಲ. ಫೋನಿನಲ್ಲಂತೂ ಊಟ ಆಯ್ತಾ, ನಿದ್ದೆ ಬರುತ್ತಾ, ಚಳಿ ಇದೆಯಾ... ಅಷ್ಟೇ.

ತಾನು ಅಣ್ಣನನ್ನು ಕೊಂದೆನಾ?

ಇದೊಂದು ಪ್ರಶ್ನೆಗೆ ಅವಳಿಗೆ ಉತ್ತರ ಬೇಕಿತ್ತು. ಉಳಿದವರು ಪದವಿಗೆಂದು, ಕೆಲಸಕ್ಕೆಂದು ಈ ವಿಭಾಗಕ್ಕೆ ಬಂದಿದ್ದರೆ, ಇವಳು ಒಂದು 'ಇಲ್ಲ' ಹುಡುಕಿಕೊಂಡು ಬಂದಿದ್ದಳು. ಪ್ರಬಂಧದಲ್ಲಿ ಕಷ್ಟಪಟ್ಟು ಆ 'ಇಲ್ಲ'ವನ್ನು ಕಟ್ಟಿ ನಿಲ್ಲಿಸಿದ್ದಳು. ಕತ್ತರಿ ಅದನ್ನೇ ಕೆಡವಿ ಹಾಕಿದ.

ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇನ್ನೊಂದು. ಅಣ್ಣನ ವಿಷಯವನ್ನು ಈ ಊರಿನಲ್ಲಿ ಅವಳು ಹೇಳಿದ್ದು ಒಬ್ಬಳಿಗೇ. ಹಾಸ್ಟೆಲಿನ ರೂಮ್‌ಮೇಟ್‌ಗೆ. ಆ ಹುಡುಗಿಯನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಸೆಮಿನಾರಿನ ಹಿಂದಿನ ದಿನ ಕಾರಿಡಾರಿನಲ್ಲಿ ರೇಡಿಯೋ ಕತ್ತರಿಯ ಜೊತೆ ನಿಂತು ಮಾತಾಡುತ್ತಿದ್ದುದನ್ನು ಮೆಣಸು ಕಣ್ಣಾರೆ ಕಂಡಿದ್ದಳು.

ನನ್ನ ಅಣ್ಣನ ಸಾವನ್ನ ಉದಾಹರಣೆ ಮಾಡಿಕೊಂಡನಲ್ಲ! ಎಲ್ಲರ ಮುಂದೆ! ಥೂ... ಇವನೂ ಒಬ್ಬ ಮನುಷ್ಯನೇ?

* * *

ಮರುದಿನ ಸಂಶೋಧನಾ ವಿದ್ಯಾರ್ಥಿಗಳ ಕೋಣೆಗೆ ಬಂದರೆ ಅವಳ ಮೇಜೇ ಅಲ್ಲಿರಲಿಲ್ಲ.

ಹೊಸಬರಿಗೆ ಕೊಡುವುದು ಯಾವಾಗಲೂ ಸರಿಯಾಗಿ ಮುಚ್ಚದ ಕಿಟಕಿಯ ಪಕ್ಕದ ಜಾಗ. ಚಳಿಗಾಳಿ ನೇರ ಕತ್ತಿಗೇ ಹೊಡೆಯುತ್ತಿತ್ತು. ಈಗ ಆ ಜಾಗದಲ್ಲಿ ಕತ್ತರಿಯ ಮೇಜಿತ್ತು. ಬೆಚ್ಚಗಿನ ಮೂಲೆಯಲ್ಲಿ, ಅವನ ಜಾಗದಲ್ಲಿ, ಅವಳದು.

ಮೆಣಸಿಗೆ ಮೈ ಉರಿಯಿತು. ಕೊಂದು ಹಾಕಿ ಈಗ ಕರುಣೆ ತೋರಿಸ್ತಾನಾ? ಹಲ್ಲು ಕಚ್ಚಿ ತನ್ನ ಮೇಜನ್ನು ಕಿರ್ರೆನ್ನಿಸುತ್ತಾ ಕಿಟಕಿಗೆ ಎಳೆದು ತಂದಳು. ಅವನದನ್ನು ಮೂಲೆಗೆ ತಳ್ಳಿದಳು.

ಮಾರನೆಯ ದಿನ ಮತ್ತೆ ಅದಲು ಬದಲು!

ಅವಳು ಮತ್ತೆ ಎಳೆದಳು. ಅವನು ಮತ್ತೆ ತಳ್ಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಒಂದೂ ಮಾತಾಡದೆ, ವಾರಗಟ್ಟಲೆ ಮೇಜು ಎಳೆದರು. ಕೆಳಗಿನ ಮಹಡಿಯ ಇತಿಹಾಸ ವಿಭಾಗದವರು, "ನಿಮ್ಮಲ್ಲಿ ಯೋಚನೆ ಮಾಡೋದಕ್ಕೆ ಇಷ್ಟು ಸದ್ದಾಗುತ್ತಾ?" ಎಂದು ಕೇಳಿ ಕಳಿಸಿದರಂತೆ.

ಹೀಗೆ ಅವಳ ಮೊದಲ ಚಳಿಗಾಲ ಕಳೆಯುತ್ತಿತ್ತು. ಒಂದು ಪುಟ ಓದಲು ಒಂದು ಬೆಳಗು ಹಿಡಿಯುತ್ತಿತ್ತು. ಅರ್ಥವಾಯಿತು ಎಂದುಕೊಂಡ ಸಾಲು ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅರ್ಥವಾಗುತ್ತಿರಲಿಲ್ಲ. ಉಳಿದವರೆಲ್ಲ ಹುಟ್ಟುವಾಗಲೇ ಇದನ್ನೆಲ್ಲ ಓದಿಕೊಂಡು ಬಂದವರಂತೆ ಕಾಣುತ್ತಿದ್ದರು. ಲೈಬ್ರರಿಯ ಕಪಾಟುಗಳ ನಡುವೆ ನಿಂತು ಅವಳು ಎಷ್ಟೋ ಸಲ ಯಾರಿಗೂ ಕಾಣದಂತೆ ಅತ್ತಿದ್ದಳು.

ಅದರ ಮೇಲೆ, ಪದವಿ ತರಗತಿಗೆ ಪಾಠ ಮಾಡುತ್ತಿದ್ದ ಕತ್ತರಿಗೇ ಅವಳನ್ನು ಸಹಾಯಕಿ ಎಂದು ಹಾಕಿದ್ದರು. ಗ್ರಹಚಾರ! ಹಿಂದಿನ ಬೆಂಚಿನಲ್ಲಿ ಕೂತು ಅವನ ಪಾಠ ಕೇಳಲೇಬೇಕಿತ್ತು.

ಒಂದು ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ತೊದಲುತ್ತಾ, ಏನೇನೋ ಕಲಸುಮೇಲೋಗರ ಮಾಡಿ ಒಂದು ಪ್ರಶ್ನೆ ಕೇಳಿದಳು. ತರಗತಿ ಕಿಸಕ್ಕೆಂದಿತು. ಕತ್ತರಿ ನಗಲಿಲ್ಲ.

"ನೀನು ಕೇಳಿದ್ದು ಇದು ಅನ್ಸುತ್ತೆ," ಎಂದು ಅದೇ ಪ್ರಶ್ನೆಯನ್ನು ಬಿಡಿಸಿ, ಜೋಡಿಸಿ, ಅವಳ ಮುಂದಿಟ್ಟ. "ಸರೀನಾ?"

"ಹೌದು ಸರ್! ಅದೇ!" ಹುಡುಗಿಯ ಮುಖ ಅರಳಿತು. ತಾನು ಇಷ್ಟು ಬುದ್ಧಿವಂತೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೆಣಸು ತಲೆ ತಗ್ಗಿಸಿಕೊಂಡಳು. ಇವನನ್ನ ದ್ವೇಷ ಮಾಡೋದು ಇಷ್ಟು ಕಷ್ಟ ಯಾಕಾಗ್ತಿದೆ ದೇವರೇ... ಅವನ ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿರುವುದು, ಪಾಠ ಮುಗಿದ ಕೂಡಲೇ ಗಡಿಯಾರ ನೋಡಿ ಓಡುವುದು, ಮಧ್ಯಾಹ್ನ ಒಮ್ಮೆಯೂ ಯಾರ ಜೊತೆಯೂ ಊಟಕ್ಕೆ ಕೂರದಿರುವುದು, ಎಲ್ಲವನ್ನೂ ಅವಳ ಕಣ್ಣು ಅವಳನ್ನು ಕೇಳದೆಯೇ ಗಮನಿಸುತ್ತಿತ್ತು.

* * *

"ನಿನ್ನ ಚರ್ಚೆ ಇನ್ನೂ ತೆರೆದೇ ಇದೆ," ಎಂದರು ಮೇಡಂ. ಮುಂದೆ ಪುಸ್ತಕಗಳ ರಾಶಿ, ಬಾಯಲ್ಲಿ ಕೆಮ್ಮಿನ ಮಿಠಾಯಿ. "ಇಲ್ಲಿ ಯಾವ ಚರ್ಚೇನೂ ಹಾಗೆ ಬಿಡಲ್ಲ ನಾವು. ಉತ್ತರ ಕೊಡು. ಇಲ್ಲಾ ಪ್ರಬಂಧ ವಾಪಸ್ ತಗೋ."

"ವಾಪಸ್ ತಗೊಂಡ್ರೆ?"

"ಮೊದಲ ವರ್ಷ ಪಾಸಾಗಲ್ಲ. ಮನೆಗೆ ಹೋಗ್ಬೇಕಾಗುತ್ತೆ." ಅವರು ಕನ್ನಡಕ ತೆಗೆದರು. "ಅವನ ಆಕ್ಷೇಪಾನ ನೀನು ಸರಿಯಾಗಿ ಹೇಳಿ ಒಪ್ಪಿಸಿದ್ರೆ ಸಾಕಮ್ಮ. ಉತ್ತರ ಆಮೇಲೆ ತಾನೇ ಬರುತ್ತೆ. ಮೊದಲು ಅವನನ್ನ ಹೋಗಿ ಕಾಣು."

ಮನೆಗೆ... ಮುಖ ಕೊಡದ ಅಮ್ಮ, ಅಣ್ಣನ ಖಾಲಿ ಕೋಣೆ.

ಲೈಬ್ರರಿಯ ಮೆಟ್ಟಿಲ ಮೇಲೆ ಕತ್ತರಿ ಸಿಕ್ಕಿದ. ಅವನು ಆತುರದಲ್ಲಿದ್ದ. ಅವಳು ಅಡ್ಡ ನಿಂತಳು.

"ನಿಮ್ಮ ಆಕ್ಷೇಪ ಹೇಳ್ತೀನಿ, ಕೇಳಿ. ಸಾಕು ಅಂತ ಹೇಳಿದವಳು ಕೊಂದ ಹಾಗೇ ಲೆಕ್ಕ. ಸರೀನಾ?"

ಅವನ ಮುಖ ಸಣ್ಣದಾಯಿತು. "ಅಲ್ಲ. ಅದು ಅರ್ಧ ಮಾತ್ರ."

"ಆ ಕೋಣೇಲಿ ನಿಂತವಳು ಅಪರಾಧಿ. ಸರೀನಾ?"

"ಅರ್ಧ ಮಾತ್ರ..."

"ಹೌದು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅವಳ ದನಿ ಏರಿತು. "ನಾನು ಇಲ್ಲಿ ಉಳೀತೀನೋ, ಹೋಗ್ತೀನೋ ಅದರ ಮೇಲಿದೆ!"

"ಸುಳ್ಳು ಹೌದು ಹೇಳಿದ್ರೆ ನಿಮಗೇ ಮೋಸ ಮಾಡಿದ ಹಾಗೆ..."

"ಮೋಸದ ಬಗ್ಗೆ ನೀವು ಮಾತಾಡ್ತೀರಾ? ಬೇರೆಯವರ ಮನೆ ಸಾವನ್ನ ಎತ್ಕೊಂಡು ಬಂದು ಎಲ್ಲರ ಮುಂದೆ ಉದಾಹರಣೆ ಮಾಡಿದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮಗೆ?"

ಕತ್ತರಿಯ ಮುಖ ಬಿಳಿಚಿಕೊಂಡಿತು. "ಅದು..." ಎಂದ. ಮುಂದೆ ಮಾತು ಹೊರಡಲಿಲ್ಲ.

ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು. ತಿರುಗಿ ಬಿರಬಿರನೆ ನಡೆದುಬಿಟ್ಟಳು. ಹಾಸ್ಟೆಲಿಗೆ ಬಂದು ರೇಡಿಯೋಳ ಮುಂದೆ ಬ್ಯಾಗ್ ಎಸೆದಳು.

"ಅಣ್ಣನ ವಿಷಯ ಅವನಿಗೆ ಯಾಕೆ ಹೇಳಿದೆ?"

"ಯಾರಿಗೆ?"

"ಕತ್ತರಿಗೆ! ಸೆಮಿನಾರ್ ಹಿಂದಿನ ದಿನ ಕಾರಿಡಾರಲ್ಲಿ!"

ರೇಡಿಯೋ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ಅವಳ ಕಣ್ಣು ತುಂಬಿಕೊಂಡಿತು. "ನಾನು ಬಾಯಿಬಡುಕಿ, ಒಪ್ಪಿದೆ. ಆದ್ರೆ ಇದನ್ನ ಹೇಳ್ತೀನೇನೇ? ಅವತ್ತು ಅವರು ಕೇಳಿದ್ದು, ನಮ್ಮ ಚಿಕ್ಕಪ್ಪ ಕೆಲಸ ಮಾಡೋ ಆಸ್ಪತ್ರೇಲಿ ಬೆಡ್ ಖಾಲಿ ಇದೆಯಾ ಅಂತ. ಅವರ ಅಪ್ಪನಿಗೆ."

"ಅಪ್ಪನಿಗೆ...?"

"ಪಾರ್ಶ್ವವಾಯು. ತುಂಬಾ ಕಾಲದಿಂದ ಎಚ್ಚರ ಇಲ್ವಂತೆ. ಈಗ ಚಿಕ್ಕಪ್ಪನ ಆಸ್ಪತ್ರೇಲೇ ಸೇರಿಸಿದ್ದಾರೆ, ದಿನಾ ಮಧ್ಯಾಹ್ನ ಅಲ್ಲಿಗೇ ಹೋಗ್ತಾರೆ. ಯಾರಿಗೂ ಹೇಳ್ಬೇಡ ಅಂದಿದ್ರು... ನೋಡು, ಈಗ ನಿನಗೆ ಹೇಳ್ಬಿಟ್ಟೆ."

ಮೆಣಸು ಮಂಚದ ಅಂಚಿನಲ್ಲಿ ಕುಸಿದು ಕೂತಳು. ಆಸ್ಪತ್ರೆ ಕೋಣೆ. ಯಂತ್ರ. ಪಕ್ಕದಲ್ಲಿ ಮನೆಯವರು ಒಬ್ಬರೇ...

ಅದು ಅವಳ ಅಣ್ಣನ ಕೋಣೆಯಾಗಿರಲಿಲ್ಲ!

* * *

ಮರುದಿನ ಮಧ್ಯಾಹ್ನ ಅವಳು ಆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು.

ಅದೇ ವಾಸನೆ. ಅದೇ ಹಸಿರು ಪರದೆ. ಅದೇ ಯಂತ್ರ, ಅದೇ ಸಮನಾದ ಸದ್ದು. ಹಿಂದಕ್ಕೆ ಓಡಿಬಿಡೋಣವೆನ್ನಿಸಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು.

ಹಾಸಿಗೆಯ ಮೇಲೆ ಒಣಗಿ ಹೋದ ಮುದುಕರೊಬ್ಬರು. ಕತ್ತರಿ ಅವರ ಗಲ್ಲಕ್ಕೆ ನೊರೆ ಹಚ್ಚಿ, ಕೊಳವೆಗೆ ತಾಗದಂತೆ, ಮೆಲ್ಲಗೆ ಗಡ್ಡ ಹೆರೆಯುತ್ತಿದ್ದ. ಮುಗಿಸಿ, ಒರೆಸಿ, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ. ಆಮೇಲೆ ತಿರುಗಿ ಅವಳನ್ನು ಕಂಡ.

ಸಿಟ್ಟಾಗಲಿಲ್ಲ. ಆಶ್ಚರ್ಯವನ್ನೂ ತೋರಿಸಲಿಲ್ಲ. ಅಷ್ಟು ಸೋತಿದ್ದ.

"ಅಪ್ಪ ಟೈಲರ್," ಎಂದ. "ಗುಂಡಿ ಬಿಚ್ಚಿದ್ರೆ ಆಗ್ತಿರ್ಲಿಲ್ಲ ಅವರಿಗೆ. ನನ್ನನ್ನ ಎಲ್ಲರೂ ಕತ್ತರಿ ಅಂತಾರಲ್ಲ, ನನಗೇನೂ ಬೇಜಾರಿಲ್ಲ. ಮನೆ ಹೆಸರು ಕರೆದ ಹಾಗಾಗುತ್ತೆ."

ಅವಳು ಹತ್ತಿರ ಬಂದು ಹಾಸಿಗೆಯ ಈಚೆ ನಿಂತಳು.

"ನನ್ನನ್ನ ಹೀಗೆಲ್ಲಾ ಮಲಗಿಸಬೇಡ ಅಂತ ಮುಂಚೇನೇ ಹೇಳಿದ್ರು," ಅವನು ಮುಂದುವರಿಸಿದ. "ಸೋಂಕು ಬಂದಾಗೆಲ್ಲಾ ಡಾಕ್ಟರ್ ಕೇಳ್ತಾರೆ. ನಾಳೆ ಹೇಳ್ತೀನಿ ಅಂತೀನಿ. ಆ ನಾಳೆ ಬರೋದೇ ಇಲ್ಲ. ಬೆನ್ನೆಲ್ಲಾ ಹುಣ್ಣಾಗಿದೆ, ಗೊತ್ತಾ? ತಿರುಗಿಸುವಾಗ ಮುಖ ಕಿವುಚ್ತಾರೆ. ನಾನು ನೋಡ್ತಾ ನಿಂತಿರ್ತೀನಿ."

ಯಂತ್ರ ಉಸಿರೆಳೆಯಿತು, ಬಿಟ್ಟಿತು.

ಮೆಣಸು ಕಣ್ಣು ಮುಚ್ಚಿಕೊಂಡಳು. ಸೆಮಿನಾರ್ ಕೋಣೆಯ ಆ ಮಾತುಗಳನ್ನೆಲ್ಲ ಮೊದಲಿನಿಂದ ನೆನೆದಳು. ಅವತ್ತು ಕಿವಿಗೆ ಬೀಳದ್ದು ಈಗ ಸ್ಪಷ್ಟವಾಗಿ ಕೇಳಿಸಿತು.

"ನಿಮ್ಮ ಆಕ್ಷೇಪ ಹೇಳ್ಲಾ?" ಎಂದಳು.

ಅವನು ತಲೆಯಾಡಿಸಿದ.

"ಸಾಕು ಅಂದವರು ಎಷ್ಟು ಹೊಣೆಯೋ, ಏನೂ ಹೇಳದೆ ಸುಮ್ಮನೆ ನಿಂತವರೂ ಅಷ್ಟೇ ಹೊಣೆ. ನಾನೇನೂ ಮಾಡ್ಲಿಲ್ಲ ಅನ್ನೋ ಮಾತಿನ ಹಿಂದೆ ಬಚ್ಚಿಟ್ಕೊಳ್ಳೋ ಹಾಗಿಲ್ಲ. ಅವತ್ತು ನೀವು ಬೈದಿದ್ದು ಬೇರೆ ಯಾರನ್ನೂ ಅಲ್ಲ... ನಿಮ್ಮನ್ನೇ."

ಅವನು ಅಪ್ಪನ ಮಂಚದ ಕಂಬಿ ಹಿಡಿದುಕೊಂಡ.

"ಹೌದು," ಎಂದ. "ಇದೇ... ಇದೇ ನನ್ನ ಮಾತು." ಆಮೇಲೆ ಅಪ್ಪನ ಹಾಸಿಗೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. "ನಿಮ್ಮ ಪ್ರಬಂಧ ನಿಜ ಇರ್ಲಿ ಅಂತ ಎಷ್ಟು ಆಸೆಪಟ್ಟೆ ಗೊತ್ತಾ? ಸುಮ್ಮನಿರೋದು ತಪ್ಪಲ್ಲ ಅಂತ ನೀವು ಅಷ್ಟು ನಂಬಿಕೆಯಿಂದ ಓದ್ತಿದ್ರಿ. ಅದು ನಿಜ ಆಗಿದ್ರೆ ನಾನೂ ಬಚಾವು. ಆದ್ರೆ ನಿಜ ಅಲ್ವಲ್ಲ..."

ಆಗ ಮೆಣಸು ಅವನಿಗೆ ಅಣ್ಣನ ವಿಷಯ ಹೇಳಿದಳು. ಬೈಕು, ಪ್ರವೇಶದ ಸುದ್ದಿ, ಗೋಡೆ ಹಿಡಿದು ನಿಂತ ಅಮ್ಮ. ಕೇಳುತ್ತಾ ಅವನ ಮುಖ ಕಪ್ಪಿಟ್ಟಿತು. ತಾನು ಅವತ್ತು ಯಾರ ಮುಂದೆ ಏನು ಹೇಳಿದೆನೆಂಬುದು ಅವನಿಗೆ ಹೊಳೆದದ್ದು ಈಗ.

"ಅಯ್ಯೋ... ನಾನು ನಿಮಗೆ..."

"ನಿಮಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ಲದೆ ಮಾಡಿದ್ರೂ ಮಾಡಿದ್ದೇ ಅಲ್ವಾ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಈ ಮನುಷ್ಯ ಕ್ಷಮೆಯನ್ನೂ ವಾದ ಮಾಡದೆ ತೆಗೆದುಕೊಳ್ಳುವವನಲ್ಲ!

ಸ್ವಲ್ಪ ಹೊತ್ತಿನ ಮೇಲೆ ಅವನು ಕೇಳಿದ. "ಹೇಗೆ ಹೇಳಿದ್ರಿ? ಆ ಮಾತು... ಬಾಯಿಂದ ಹೇಗೆ ಬಂತು?"

"ಅಣ್ಣನ ಉಗುರು ಬೆಳೆದಿತ್ತು. ನರ್ಸ್ ಹತ್ರ ನೇಲ್ ಕಟರ್ ಇಸ್ಕೊಂಡು ಒಂದೊಂದೇ ಬೆರಳಿಂದು ತೆಗೆದೆ. ಮುಗಿದ ಮೇಲೆ ಹೇಳಿದೆ. ದನಿ ಹೊರಡ್ಲೇ ಇಲ್ಲ. ಡಾಕ್ಟರಿಗೆ ಕೇಳಿಸ್ಲಿಲ್ಲ. ಏನಂದ್ರಿ ಅಂತ ಕೇಳಿದ್ರು. ಇನ್ನೊಂದು ಸಲ ಹೇಳ್ಬೇಕಾಯ್ತು." ಅವಳು ತುಟಿ ಕಚ್ಚಿಕೊಂಡಳು. "ಆ ಎರಡನೇ ಸಲದ್ದೇ ನನ್ನನ್ನ ತಿಂತಿರೋದು."

ಪರದೆ ಸರಿಯಿತು. ಡಾಕ್ಟರ್ ಒಳಗೆ ಬಂದರು. ದಣಿದ, ಸೌಮ್ಯ ಮುಖದ ಹೆಂಗಸು. ಮುದುಕರ ಹಣೆ ಮುಟ್ಟಿ ನೋಡಿ, "ಮತ್ತೆ ಜ್ವರ ಏರಿದೆ," ಎಂದರು. "ಏನ್ ಮಾಡೋಣ? ಇವತ್ತಾದ್ರೂ ಹೇಳ್ತೀರಾ?"

ಕತ್ತರಿ ಮೆಣಸಿನತ್ತ ತಿರುಗಿದ. ಅವನ ಕಣ್ಣಿನಲ್ಲಿದ್ದ ಬೇಡಿಕೆಯನ್ನು ಅವಳು ಮೊದಲೇ ಒಂದು ಸಲ ನೋಡಿದ್ದಳು. ಅಮ್ಮನ ಕಣ್ಣಿನಲ್ಲಿ.

"ನೀವೇ... ನೀವೇ ಹೇಳ್ಬಿಡಿ," ಎಂದ.

"ಇಲ್ಲ." ಅವಳು ನೇರವಾಗಿ ಅವನನ್ನೇ ನೋಡಿದಳು. "ಆ ಮಾತನ್ನ ಇನ್ನೊಂದು ಸಲ ನನ್ನ ಬಾಯಿಗೆ ಹಾಕ್ಬೇಡಿ. ನನ್ನ ಕೈಲಾಗಲ್ಲ. ಅದು ನೀವು ಹೇಳ್ಬೇಕಾದ ಮಾತು. ಆದ್ರೆ ನಾನು ಹೊರಗೆ ಹೋಗಲ್ಲ. ಇಲ್ಲೇ ಇರ್ತೀನಿ. ನೀವು ಏನೇ ಹೇಳಿದ್ರೂ ಇಲ್ಲೇ ಇರ್ತೀನಿ."

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ. ಮತ್ತೊಂದು ಕೈಯಿಂದ ಅಪ್ಪನ ಅಂಗಿಯ ಕಾಲರ್ ಸರಿಮಾಡಿದ.

"ಸಾಕು ಡಾಕ್ಟರ್," ಎಂದ. ಒಂದೇ ಸಲಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ.

ಟೈಲರ್ ಮರುದಿನ ಬೆಳಗಿನ ಹೊತ್ತಿಗೆ ಹೋದರು. ಗುಂಡಿಗಳೆಲ್ಲ ಹಾಕಿಯೇ ಇದ್ದವು. ಮೆಣಸು ಕೊಟ್ಟ ಮಾತಿನಂತೆ ಅಲ್ಲೇ ಇದ್ದಳು.

* * *

ಆ ವಾರ ಅವಳು ಅಮ್ಮನಿಗೆ ಫೋನ್ ಮಾಡಿ, ಊಟ ನಿದ್ದೆಗಳನ್ನೆಲ್ಲ ಪಕ್ಕಕ್ಕಿಟ್ಟು ನೇರವಾಗಿ ಕೇಳಿದಳು.

"ಅಮ್ಮ, ನನ್ನ ಮೇಲೆ ನಿನಗೆ ಕೋಪ ಇದೆಯಾ? ಅವತ್ತು ನಾನು ಹೇಳಿದ್ದಕ್ಕೆ?"

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ನಿನ್ನ ಮೇಲಾ?" ಅಮ್ಮನ ದನಿ ಒಡೆದಿತ್ತು. "ನನ್ನ ಬಾಯಲ್ಲಿ ಬರ್ಲಿಲ್ಲ ಅಂತ ಅದನ್ನ ನಿನ್ನ ತಲೆ ಮೇಲೆ ಹಾಕಿ ಹೊರಗೆ ಹೋಗಿಬಿಟ್ಟೆನಲ್ಲೇ. ಹೆತ್ತವಳು ನಾನು. ಹೇಳ್ಬೇಕಾದವಳು ನಾನು. ಯಾವ ಮುಖ ಇಟ್ಕೊಂಡು ನಿನ್ನ ನೋಡ್ಲಿ ಹೇಳು... ಮೆಣಸು?"

ಫೋನನ್ನು ಎದೆಗೊತ್ತಿಕೊಂಡು ಅವಳು ಗೊಳೋ ಎಂದು ಅತ್ತಳು. ಅಲ್ಲಿ ಅಮ್ಮನೂ ಅಳುತ್ತಿದ್ದಳು. ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು!

ಚರ್ಚೆ ಮುಗಿಸುವ ದಿನ ಸೆಮಿನಾರ್ ಕೋಣೆ ತುಂಬಿತ್ತು. ಆಚೆ ತುದಿಯಲ್ಲಿ ಕತ್ತರಿ, ಕಣ್ಣ ಕೆಳಗೆ ಕಪ್ಪು, ಅಂಗಿಯ ಗುಂಡಿ ಕತ್ತಿನವರೆಗೂ. ಮೆಣಸು ಅವನ ಆಕ್ಷೇಪವನ್ನು ಪೂರ್ತಿಯಾಗಿ ಹೇಳಿದಳು. ಅವನು "ಹೌದು, ಇದೇ ನನ್ನ ಮಾತು" ಎಂದ.

"ಉತ್ತರ?" ಎಂದರು ಮೇಡಂ.

"ಆಕ್ಷೇಪಾನ ಒಪ್ತೀನಿ," ಎಂದಳು ಮೆಣಸು. ಕೋಣೆಯಲ್ಲಿ ಗುಸುಗುಸು ಎದ್ದಿತು. "ಸಾಕು ಅನ್ನೋದು ಒಂದು ಕೆಲಸವೇ. ಸುಮ್ಮನಿರೋದೂ ಕೆಲಸವೇ. ಕಾಯಿಲೆ ಮಾಡ್ತು ಅಂತ ನಾನು ಇನ್ನು ಹೇಳಲ್ಲ. ನಾನು ಮಾಡಿದೆ ಅಂತೀನಿ. ಆದ್ರೆ ಮಾಡಿದವರು ಅನ್ನೋದರಿಂದ ಅಪರಾಧಿ ಅನ್ನೋದಕ್ಕೆ ಆಕ್ಷೇಪ ಎತ್ತಿದವರು ಒಂದೇ ಜಿಗಿತಕ್ಕೆ ಹಾರಿದ್ದಾರೆ. ಆ ಜಿಗಿತಾನ ನಾನು ಒಪ್ಪಲ್ಲ. ಆ ಪ್ರಶ್ನೇನ ಡಾಕ್ಟರ್ ದಾರೀಲಿ ಹೋಗೋರಿಗೆ ಕೇಳಲ್ಲ. ಯಾರು ಆ ಜೀವಾನ ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸ್ತಿದ್ದಾರೋ ಅವರಿಗೇ ಕೇಳ್ತಾರೆ. ಅವರು ಹೊಣೆ ಹೊರ್ತಾರೆ, ಹೌದು. ಸಾಯೋವರೆಗೂ ಹೊರ್ತಾರೆ. ಹೊಣೆ ಇದ್ದಲ್ಲೆಲ್ಲಾ ತಪ್ಪು ಇರ್ಲೇಬೇಕು ಅಂತಿಲ್ಲ."

ಕತ್ತರಿ ತಲೆ ತಗ್ಗಿಸಿ ಮೇಜಿನ ಮೇಲೆ ಕೈ ಊರಿಕೊಂಡ. ಮೇಡಂ ಅವನನ್ನೇ ನೋಡುತ್ತಿದ್ದರು.

"ಮತ್ತೆ ಆಕ್ಷೇಪ ಇದೆಯಾ?"

"ಇಲ್ಲ," ಎಂದ ಅವನು. ದನಿ ಸಣ್ಣಗಿತ್ತು. "ಇದಕ್ಕೆ ನನ್ನ ಹತ್ರ ಇಲ್ಲ."

"ಹಾಗಾದ್ರೆ ಮುಗೀತು," ಎಂದು ಮೇಡಂ ಬಾಯಿಗೆ ಇನ್ನೊಂದು ಮಿಠಾಯಿ ಹಾಕಿಕೊಂಡರು.

* * *

ಎಲ್ಲರೂ ಹೋದ ಮೇಲೆ ಮೆಣಸು ಸಂಶೋಧನಾ ವಿದ್ಯಾರ್ಥಿಗಳ ಕೋಣೆಗೆ ಬಂದಳು. ಅವಳ ಮೇಜು ಮತ್ತೆ ಬೆಚ್ಚಗಿನ ಮೂಲೆಯಲ್ಲಿ! ಕಿಟಕಿಯ ಪಕ್ಕದ ಚಳಿಯಲ್ಲಿ ಕತ್ತರಿ ತನ್ನ ಮೇಜಿಗೆ ಒರಗಿ ನಿಂತಿದ್ದ.

"ನಿಮ್ಮ ಜೊತೆ ಸ್ವಲ್ಪ ಮಾತಾಡ್ಬೇಕಿತ್ತು," ಎಂದ.

"ಮಾತಾಡಿ."

"ಮೊದಲನೇದಾಗಿ, ಇದು ಸರಿಯಾದ ಸಮಯ ಅಲ್ಲ ಅಂತ ಗೊತ್ತು. ಅಪ್ಪ ಹೋಗಿ ಇನ್ನೂ... ಎರಡನೇದಾಗಿ, ದುಃಖದಲ್ಲಿರೋ ಮನುಷ್ಯನ ತೀರ್ಮಾನಗಳನ್ನ ಎಷ್ಟು ನಂಬ್ಬೇಕು ಅನ್ನೋ ಪ್ರಶ್ನೆ ಇದೆ. ಮೂರನೇದಾಗಿ..."

"ಅಯ್ಯೋ, ಸಾಕು!"

ಆ ಪದ ಬಾಯಿಂದ ಬಿದ್ದ ಕೂಡಲೇ ಇಬ್ಬರೂ ಸ್ತಬ್ಧರಾದರು. ಎಷ್ಟೋ ಕಾಲದಿಂದ ಮೆಣಸು ಆ ಪದವನ್ನು ಊಟದ ತಟ್ಟೆಯ ಮುಂದೆಯೂ ಹೇಳಿರಲಿಲ್ಲ. ಬೇಡ ಎನ್ನುತ್ತಿದ್ದಳು, ಕೈ ಅಡ್ಡ ಹಿಡಿಯುತ್ತಿದ್ದಳು. ಈಗ ತಾನಾಗಿಯೇ ಬಂದಿತ್ತು. ಎದೆಯಲ್ಲಿ ನೋವಾಯಿತು. ಆದರೆ ತಡೆದುಕೊಳ್ಳಬಹುದಾದ ನೋವು.

"ನಿಮ್ಮ ಮಾತನ್ನ ನಾನೇ ಹೇಳ್ತೀನಿ," ಎಂದಳು ಮೆಲ್ಲಗೆ. "ಸರಿ ಇದೆಯಾ ನೋಡಿ. ನೀವು ನನ್ನನ್ನ ಪ್ರೀತಿಸ್ತೀರಿ."

ಅವನ ಕಿವಿ ಕೆಂಪಾಯಿತು. ಕಿಟಕಿಯ ಹೊರಗೆ ನೋಡಿದ.

"ಅರ್ಧ ಮಾತ್ರ," ಎಂದ.

ಅವಳ ಮುಖ ಬಾಡಿತು. ಅರ್ಧವಾ? ಪ್ರೀತೀಲೂ ಅರ್ಧ ಪೂರ್ತಿ ಅಂತ ಇರುತ್ತಾ? ನನ್ನದೇ ತಪ್ಪು ತಿಳುವಳಿಕೆಯಾ... ಬ್ಯಾಗಿಗೆ ಕೈ ಹಾಕಿದಳು. ಆಗ ಅವನ ಕಣ್ಣಿನ ಹೆದರಿಕೆ ಕಂಡಿತು. ಉಳಿದರ್ಧ ತನ್ನ ಕೈಯಲ್ಲಿಲ್ಲ, ಅದನ್ನು ಬೇರೆಯವರೇ ಹೇಳಬೇಕು ಎಂದು ಕಾಯುವವನ ಹೆದರಿಕೆ.

ಅವಳಿಗೆ ಅರ್ಥವಾಯಿತು.

"ನಾನೂ..." ಎಂದಳು. "ನಾನೂ ನಿನ್ನನ್ನ ಪ್ರೀತಿಸ್ತೀನಿ."

ಅವನು ಇಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟ. ಕಣ್ಣು ಒದ್ದೆಯಾಗಿತ್ತು.

"ಹೌದು. ಇದೇ ನನ್ನ ಮಾತು."

ಹೊರಗೆ ಗಾಳಿ ಬೀಸುತ್ತಿತ್ತು. ಕಿಟಕಿ ಎಂದಿನಂತೆ ಸರಿಯಾಗಿ ಮುಚ್ಚಿರಲಿಲ್ಲ. ಮೆಣಸು ಅವನ ಭುಜಕ್ಕೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿ ಕಣ್ಣೀರು ಬಂತು. ಕತ್ತರಿ ಯಾಕೆಂದು ಕೇಳಲಿಲ್ಲ, ಒರೆಸಲೂ ಇಲ್ಲ. ಅಲ್ಲೇ ನಿಂತಿದ್ದ.

ಆಮೇಲೆ ಅವಳು ಮೂಗೊರೆಸಿಕೊಂಡು ಮೂಲೆಗೆ ಹೋಗಿ ತನ್ನ ಮೇಜಿನ ಒಂದು ತುದಿ ಹಿಡಿದಳು.

"ಬಾ, ಆ ಕಡೆ ಹಿಡ್ಕೋ."

"ಎಲ್ಲಿಗೆ?"

"ಕಿಟಕಿ ಹತ್ರ. ನಿನ್ನ ಮೇಜಿನ ಪಕ್ಕಕ್ಕೆ."

"ಚಳಿ ಹೊಡೆಯುತ್ತೆ ಕಣೇ ಅಲ್ಲಿ."

"ಹೊಡೀಲಿ," ಎಂದಳು ಮೆಣಸು. "ಇಬ್ಬರಿಗೂ ಹೊಡೀಲಿ. ಎತ್ಕೋ, ಎಳೀಬೇಡ... ಕೆಳಗಿನವರು ಮತ್ತೆ ಬೈತಾರೆ."